ಸುಣ್ಣದ ಗುರುತು

ಬೋರರ್ ಹಿಡಿದ ಗಿಡ ದೂರಕ್ಕೆ ಹಸಿರೇ.
ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು
ಕಾಂಡವನ್ನು ಬೆರಳಲ್ಲಿ ಸವರಬೇಕು.
ತೊಗಟೆಯಡಿ ಎದ್ದ ಬಳೆಯಂಥ ಏಣು ಸಿಕ್ಕರೆ
ಸುಣ್ಣದ ಗೆರೆ ಎಳೆದು, ಮುಂದಿನ ಗಿಡ.
ಸುಂಟಿಕೊಪ್ಪದ ಈ ತೋಟದಲ್ಲಿ ಹನ್ನೊಂದು ವರ್ಷ
ನನ್ನ ಬೆರಳು ತಪ್ಪಿದ್ದಿಲ್ಲ.

ಮದುವೆಯಾದ ಹೊಸತರಲ್ಲಿ ನಾಲ್ಕು ದಿನ ಉರಿ,
ಒಂದಿಷ್ಟು ಬಿಳಿಸೆರಗು.
ಉಷ್ಣ, ಅಂದರು ಅತ್ತೆ. ಜೀರಿಗೆ ನೀರು ಕುಡಿದೆ.
ಹೋಯಿತು.
ಹೋಯಿತು ಅಂದುಕೊಂಡೆ.

ಮೂರನೇ ವರ್ಷ ನಿಂತ ಮುಟ್ಟು
ಎಂಟನೇ ವಾರಕ್ಕೆ ಹೊಟ್ಟೆಯ ಬಲಕ್ಕೆ ಕತ್ತಿಯಾಯಿತು.
ರೈಟರ ಜೀಪು, ಮಡಿಕೇರಿಯ ತಿರುವುಗಳು,
ಯಾಕೋ ಭುಜದ ತುದಿಯಲ್ಲೂ ನೋವು.
ಮಗು ಮನೆ ತಲುಪದೆ ಓಣಿಯಲ್ಲೇ ಕೂತಿತ್ತಂತೆ.
ಓಣಿಯನ್ನೇ ಕತ್ತರಿಸಿ ತೆಗೆದರು,
ನನ್ನನ್ನು ಉಳಿಸಿದರು.

ನಿನ್ನೆ, ಉಳಿದೊಂದರ ಎಕ್ಸ್‌ರೇ.
ತಣ್ಣನೆ ಮೇಜು. ಒಳಗೆ ಬಿಟ್ಟ ಔಷಧ
ಪರದೆಯ ಮೇಲೆ ಬೆಳ್ಳಗೆ ಹರಿದು
ಎಡಕ್ಕೆ ಹೊರಳಿ, ತುದಿಯಲ್ಲಿ ಊದಿ
ನಿಂತೇಬಿಟ್ಟಿತು.
ಡಾಕ್ಟರ್ ಬೊಳ್ಳಮ್ಮ ಚೀಟಿಯ ಬೆನ್ನಿಗೆ ಚಿತ್ರ ಬರೆದರು.
ಕ್ಲಮೈಡಿಯ.
ಹೊಸ ಗೊಬ್ಬರದ ಹೆಸರಿನ ಹಾಗಿತ್ತು.
"ಆಗಲೇ ಬಂದಿದ್ದರೆ ಒಂದು ವಾರದ ಗುಳಿಗೆ.
ಇಬ್ಬರಿಗೂ."

ಇಬ್ಬರಿಗೂ.
ಹೊರಗೆ ಬೆಂಚಿನ ಮೇಲೆ ಮೋನಪ್ಪ
ಬಸ್ ಟಿಕೆಟನ್ನು ಮಡಿಸುತ್ತಲೇ ಇದ್ದ,
ಅದು ಹುಣಸೆಬೀಜದಷ್ಟಾಗುವವರೆಗೆ.
ಮದುವೆಗೆ ಮೊದಲು ಲಾರಿಯಲ್ಲಿ ಕಳೆದ ಎರಡು ವರ್ಷ.
ನಾನು ಕೇಳಲಿಲ್ಲ.
ಬಸ್ಸು ಬೋಯಿಕೇರಿ ದಾಟಿದ ಮೇಲೆ ಹೇಳಿದ,
ನನಗಲ್ಲ, ಕಿಟಕಿಗೆ.

ಕೊರೆದ ಗಿಡ ಕಿತ್ತು ಸುಡುವುದು ತೋಟದ ಪದ್ಧತಿ.
ಮನೆಯಲ್ಲಿ ಅತ್ತೆ ಆಗಲೇ
ತಮ್ಮಣ್ಣನ ಕಿರಿಮಗಳ ಹೆಸರೆತ್ತಿದ್ದಾರೆ;
ಏಳು ವರ್ಷದಿಂದ ಸುಣ್ಣದ ಗೆರೆ ನನ್ನೊಬ್ಬಳ ಮೇಲೆ.
ಎಕ್ಸ್‌ರೇ ಹಾಳೆಯನ್ನು ಅಡುಗೆಮನೆಯ ಬಲ್ಬಿಗೆ ಹಿಡಿದೆ.
"ಇದು ನಾನು ತವರಿನಿಂದ ತಂದದ್ದಲ್ಲ."
ಅವರು ಮಗನ ಮುಖ ನೋಡಿದರು.
ಅವನು ನೆಲ ನೋಡುತ್ತ, ಆದರೂ,
ಹೌದು ಅಂದ.
ಅನ್ನ ಉಕ್ಕಿತು. ಯಾರೂ ಇಳಿಸಲಿಲ್ಲ.

ಬೆಳಗ್ಗೆ ಏಳೂವರೆಗೆ ಹಾಜರಿ.
ಪಕ್ಕದ ಸಾಲಿನಲ್ಲಿ ವಾರಿಜಾ,
ಕೈಯ ಮದರಂಗಿ ಇನ್ನೂ ಮಾಸಿಲ್ಲ,
ಬಗ್ಗಿದವಳು ಕಿಬ್ಬೊಟ್ಟೆ ಒತ್ತಿಕೊಂಡು ನಕ್ಕಳು:
"ಏನಿಲ್ಲ ಅಕ್ಕ, ಉಷ್ಣ."

ಕಾಂಡದ ಮೇಲೆ ನನ್ನ ಬೆರಳು ನಿಂತಿತು.
ಸುಣ್ಣವನ್ನು ಸೆರಗಿಗೆ ಒರೆಸಿಕೊಂಡು ಹೇಳಿದೆ,
"ನಾಳೆ ಎಂಟರ ಬಸ್ಸು. ನಾನೂ ಬರ್ತೇನೆ.
ಅವನನ್ನೂ ಕರೆದುಕೋ."