ಗುಳ್ಳೆ ಕಾಯುವವನು

ದನ ಕಾಯುವ ಹುಡುಗರಿದ್ದಾರೆ, ಕುರಿ ಕಾಯುವವರಿದ್ದಾರೆ.
ನಾನು ಗುಳ್ಳೆ ಕಾಯುತ್ತಿದ್ದೆ.
ಕೌಕಿರದಿಂದ ಒಂದೂವರೆ ದಿನದ ದಾರಿ,
ದೊಡ್ಡ ಹಡಗಿನಿಂದ ಇಳಿಸಿದ ಮರದ ದೋಣಿ,
ಒಂದು ಹುಟ್ಟು, ಹನ್ನೆರಡು ವಯಸ್ಸಿನ ನಾನು,
ಇಪ್ಪತ್ತು ಮಾರು ಕೆಳಗೆ ರಾಡ್ವೆಲ್.

ಗುಳ್ಳೆ ಹೋದತ್ತ ದೋಣಿ ಹೋಗಬೇಕು, ಅಷ್ಟೇ ಕೆಲಸ.
ಬಾಳು ನೀರ ಮೇಲಿನ ಗುಳ್ಳೆ ಎನ್ನುವವರು
ದಂಡೆಯಲ್ಲಿ ನಿಂತು ಗುಳ್ಳೆ ನೋಡಿದವರು.
ನನಗದು ತಳದಿಂದ ಬರುವ ಓಲೆ:
ಇದ್ದೇನೆ. ಇದ್ದೇನೆ. ಇನ್ನೂ ಇದ್ದೇನೆ.
ಸಣ್ಣವು ಸಾಲಾಗಿ ಬಂದರೆ ನೆಮ್ಮದಿಯಾಗಿದ್ದಾನೆ;
ದೊಡ್ಡವು ಒಮ್ಮೆಗೇ ಉಕ್ಕಿದರೆ
ಹವಳದ ಸಂದಿಗೆ ಕೈಹಾಕಿ ಮೀಸೆ ಹಿಡಿದೆಳೆಯುತ್ತಿದ್ದಾನೆ;
ಏನೂ ಬಾರದಿದ್ದರೆ
ಹತ್ತರವರೆಗೆ ಎಣಿಸು, ಆಮೇಲೆ ಕೂಗು.

ದಿನಕ್ಕೆ ಹನ್ನೊಂದು ಸಿಲಿಂಡರ್.
ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಮುಳ್ಳಿರಲಿಲ್ಲ,
ಉಸಿರು ಭಾರವಾದರೆ ಮುಗಿದ ಲೆಕ್ಕ.
ಬಾಲ ತೂಗಿ ದುಡ್ಡು ಕೊಡುತ್ತಿದ್ದರು.
ಅಂಗೈಗಿಂತ ಚಿಕ್ಕದು ಹಿಡಿಯಬಾರದೆಂಬ ಅಳತೆಪಟ್ಟಿ
ಕಪ್ತಾನನ ಮೇಜಿನೊಳಗಿತ್ತು; ಬೀಗವಿತ್ತು ಮೇಜಿಗೆ.
ಹಿಂದೆ ಆರು ಮಾರಿನಲ್ಲೇ ಸಿಗುತ್ತಿದ್ದವಂತೆ ಲಾಬ್‌ಸ್ಟರ್,
ರಾಡ್ವೆಲ್‌ನ ಅಪ್ಪ ಉಸಿರುಕಟ್ಟಿ ಮುಳುಗಿ ತರುತ್ತಿದ್ದನಂತೆ.
ಅವು ಮುಗಿದವು.
ಆಮೇಲೆ ಹತ್ತು ಮಾರಿನವು ಮುಗಿದವು.

ಒಂಬತ್ತನೆಯ ದಿನ ಸಂಜೆ
ನಾನು ನೋಡುತ್ತಿದ್ದ ಗುಳ್ಳೆಗಳ ನಡುವೆ
ಇದ್ದಕ್ಕಿದ್ದಂತೆ ಅವನ ತಲೆ.
ಅವನು ಬಂದ.
ಆಮೇಲೆ ಅವನ ಉಸಿರು ಬಂತು,
ಒಂದೊಂದೇ ಗುಳ್ಳೆ, ಕಾಲುಗಳ ಸುತ್ತ, ನಿಧಾನವಾಗಿ,
ಯಾರೋ ಹಿಂದೆ ಬಿಟ್ಟುಬಂದ ಮಕ್ಕಳ ಹಾಗೆ.

ನಾಲ್ಕು ಲಾಬ್‌ಸ್ಟರ್ ದೋಣಿಗೆಸೆದು ನಕ್ಕ.
ಬೀಡಿ ಕೇಳಿದ. ನೀರು ಕೇಳಿದ.
"ಲೇ, ನನ್ನ ಮೊಣಕಾಲು ಎಲ್ಲಿಟ್ಟೆ?" ಎಂದ.
ನಾನೂ ನಕ್ಕೆ, ತಮಾಷೆಯೆಂದು.

ಮಂಜುಗಡ್ಡೆಯ ಉಗ್ರಾಣ ಅರ್ಧವೂ ತುಂಬಿರಲಿಲ್ಲ,
ಹಡಗು ಇನ್ನೂ ಮೂರು ದಿನ ತಿರುಗಲಿಲ್ಲ.

ಲೀವಾ ಮೈರಿನ್ ಹೊಡೆದಳು ಎಂದರು ಊರಲ್ಲಿ,
ಪಾಲಿಗಿಂತ ಹೆಚ್ಚು ಬಾಚಿದವರನ್ನು
ಕಡಲೊಡತಿ ಸುಮ್ಮನೆ ಬಿಡುವುದಿಲ್ಲ.
ಡಾಕ್ಟರಮ್ಮ ಹೇಳಿದಳು, ನೈಟ್ರೋಜನ್,
ರಕ್ತದೊಳಗೇ ಎದ್ದ ಗುಳ್ಳೆ.
ನಾನು ಇಬ್ಬರನ್ನೂ ನಂಬುತ್ತೇನೆ.
ಆದರೆ ಲೀವಾ, ಒಂದು ಮಾತು:
ಬಾಚಿದವನ ಕೈ ನಿನಗೆ ಸಿಕ್ಕಿತು,
ಬಾಚಿಸಿದವನ ಕೈ ಸಿಗಲಿಲ್ಲವೇ?
ಆತುರಗಾರನಿಗೆ ಬುದ್ಧಿ ಮಟ್ಟವಂತೆ. ಇರಲಿ.
ಆತುರ ಯಾರದ್ದಾಗಿತ್ತು?
ದೂರದ ಯಾವುದೋ ಮೇಜಿನಲ್ಲಿ
ಕರಗಿದ ಬೆಣ್ಣೆ ಆರುವ ಮೊದಲು
ಬಾಲ ಬರಲೆಂದು ಕಾದವರ ಹೆಸರು ನನಗೆ ಗೊತ್ತಿಲ್ಲ.

ಈಗ ಪೋರ್ಟೊ ಲೆಂಪಿರಾದಲ್ಲಿ
ಕಬ್ಬಿಣದ ಪೀಪಾಯಿಯೊಂದರ ಪಕ್ಕ ನನ್ನ ಸ್ಟೂಲು.
ಕಾಲು ಸತ್ತು ಬಂದವರನ್ನು ಒಳಗೆ ಮಲಗಿಸಿ
ತಿರುಪು ತಿರುಗಿಸುತ್ತೇನೆ,
ಮತ್ತೆ ಆಳಕ್ಕಿಳಿಸುತ್ತೇನೆ, ನೀರಿಲ್ಲದ ಆಳಕ್ಕೆ,
ಆಮೇಲೆ ಕೂದಲೆಳೆಯಷ್ಟೆ ಕೂದಲೆಳೆಯಷ್ಟೆ ಮೇಲೆ.
ಐದು ತಾಸು. ಕೆಲವೊಮ್ಮೆ ಬೆಳಗಾಗುವವರೆಗೆ.
ಬಸಿಯಗಲದ ಗಾಜಿನಾಚೆ ಒಂದು ಮುಖ.
ಮೊನ್ನೆ ಬಂದವನು ಎಸ್ಕಿನ್, ಹತ್ತೊಂಬತ್ತು ವರ್ಷ.
"ಯಾವಾಗ ಮತ್ತೆ ಇಳೀಬಹುದು?" ಎಂದು ಫೋನಿನಲ್ಲಿ ಕೇಳಿದ.
"ಮೊದಲು ಹತ್ತಲು ಕಲಿ," ಎಂದೆ.
ಗದರಿದಂತೆ ಕೇಳಿಸಿತೇನೋ, ಮಾತು ಬಿಟ್ಟ.

ರಾಡ್ವೆಲ್‌ಗೆ ಈ ಪೀಪಾಯಿ ಸಿಗುವಾಗ ತಡವಾಗಿತ್ತು.
ಗಾಲಿಕುರ್ಚಿಯಲ್ಲಿ ಕೂತು ಹಲಗೆಯ ಬೋನು ಹೊಡೆಯುತ್ತಾನೆ,
ಮನುಷ್ಯ ಇಳಿಯಬೇಕಿಲ್ಲದ ಬೋನು.
ಪ್ರತಿಯೊಂದಕ್ಕೂ ಎರಡು ಬೆರಳಗಲ ಸಂದಿ ಬಿಡುತ್ತಾನೆ,
ಮರಿಗಳು ಹೊರಬೀಳಲು.
"ಮಾಲು ಸೋರುತ್ತೆ ಮಾರಾಯಾ," ಎನ್ನುತ್ತಾನೆ ಕೊಳ್ಳುವವನು.
ಬಾಯಲ್ಲಿ ಮೊಳೆ ಕಚ್ಚಿದವನು ಉತ್ತರ ಕೊಡುವುದಿಲ್ಲ.

ಕಳೆದ ಭಾನುವಾರ ಅವನದೊಂದು ಬೋನು ಒಯ್ದು
ದಿಬ್ಬದ ಬಳಿ ಹಗ್ಗ ಸಡಿಲಿಸಿದೆ.
ಇಳಿಯುತ್ತಾ ಹಲಗೆಗಳ ನಡುವಿಂದ
ಒಂದಿಷ್ಟು ಗುಳ್ಳೆ ಬಿಟ್ಟಿತು.
ಕೆಳಗೆ ಯಾರೂ ಇಲ್ಲ, ಗೊತ್ತು.
ಆದರೂ ಕೊನೆಯದು ಬಂದು ಒಡೆಯುವ ತನಕ
ಹುಟ್ಟು ಮುಟ್ಟಲಿಲ್ಲ.