ಕಾವಲಿ

ತೂಕದ ಮಿಷನ್ನು ತಂದು ಕಾರಿಡಾರಿನಲ್ಲಿಟ್ಟರು,
ಅಡುಗೆಕೋಣೆಯ ಬಾಗಿಲಿಗೆ ಎದುರು.
ಸಾರಿಗೆ ಒಗ್ಗರಣೆ ಕೊಡುತ್ತಲೇ ಕೇಳಿಸಿಕೊಂಡೆ
ಒಂದೊಂದು ಹೆಸರು, ಅದರ ಬೆನ್ನಿಗೊಂದು ಅಂಕಿ.
ಹಾಲೇಶ, ಎಂಟನೇ ಬಿ. ಎಪ್ಪತ್ತೊಂದು.
ಸಾಲಿಗೆ ಸಾಲೇ ನಕ್ಕಿತು.
ಸುಮ್ಮನಿರಿಸಲು ಬಸವಣ್ಯಪ್ಪ ಮೇಷ್ಟ್ರು ಪೀಪಿ ಊದಿದರು,
ಅದೂ ನಕ್ಕ ಹಾಗೇ ಕೇಳಿತು.
ಡಾಕ್ಟರಮ್ಮ ಕಣ್ಣೆತ್ತದೆ ಬರೆದುಕೊಂಡರು:
"ಬಾಯಿ ಕಟ್ಟಬೇಕಪ್ಪಾ."

ಕಣದ ಎತ್ತಿಗೆ ಕಟ್ಟುತ್ತಾರಲ್ಲ, ಕುಕ್ಕೆ, ಹಾಗೆ.
ಹಸಿವು ಬಾಯಲ್ಲಿರುತ್ತದೆ ಅಂತ
ಯಾರು ಹೇಳಿದರೋ ಅವರಿಗೆ.

ಟ್ಯಾಂಕ್ ಮೊಹಲ್ಲಾದ ಈ ಶಾಲೆಯಲ್ಲಿ
ಹದಿನಾರು ವರ್ಷದಿಂದ ಬಡಿಸುತ್ತಿದ್ದೇನೆ.
ಉಣ್ಣುವ ಕೈಗಿಂತ ಉಣ್ಣದ ಕೈ ಹೆಚ್ಚು ಮಾತಾಡುತ್ತದೆ.
ಹಾಲೇಶನ ಎಡಗೈ ತಟ್ಟೆಯ ಸುತ್ತ ಬೇಲಿ.
ಇಲ್ಲಿ ಯಾರೂ ಕಸಿಯುವವರಿಲ್ಲ.
ಕೈಗೆ ಅದು ಗೊತ್ತಿಲ್ಲ.

ಗಾರ್ಮೆಂಟ್ಸಿನ ಬಸ್ಸಿಗೆ ಕಾಯುತ್ತ
ಅವನಮ್ಮ ನಾಗವೇಣಿ ಹೇಳಿದ್ದಳು ಒಮ್ಮೆ:
"ಇವನು ಹೊಟ್ಟೆಯಲ್ಲಿದ್ದಾಗ ಫಿಲೋಮಿನಕ್ಕಾ,
ಗಂಜಿಯ ತಿಳಿ ಕುಡಿದು ಮಲಗಿದ್ದೇ ಹೆಚ್ಚು.
ಅವರಪ್ಪ ಬಾಗಿಲು ಒದ್ದರೆ ಸಾಕು,
ಒಳಗೆ ಮುದುರಿ ಕಲ್ಲಾಗುತ್ತಿದ್ದ."
ಬಸ್ಸು ಬಂತು. ಮಾತು ಅಲ್ಲಿಗೇ ನಿಂತಿತು.
ಅಕ್ಷರಕ್ಕೂ ಮೊದಲು ಹುಡುಗ ಕಲಿತ ಪಾಠ ಇದು:
ಸಿಕ್ಕಾಗ ಹಿಡಿ, ಕೂಡಿಡು,
ನಾಳೆಯನ್ನು ನಂಬಬೇಡ.

ಹೊಸ ಕಾವಲಿ ಪಳಗಿಸಿದವರಿಗೆ ಗೊತ್ತು.
ಮೊದಲ ವಾರ ಏನು ಸವರಿದಿರಿ,
ಯಾವ ಉರಿಗೆ ಒಡ್ಡಿದಿರಿ,
ಕಬ್ಬಿಣ ಅದನ್ನು ಕುಡಿದುಬಿಡುತ್ತದೆ.
ಆಮೇಲೆ ಇಪ್ಪತ್ತು ವರ್ಷ ಉಜ್ಜಿದರೂ
ದೋಸೆ ಏಳುವುದು, ಕಚ್ಚುವುದು
ಎಲ್ಲ ಆ ವಾರದ ಮಾತು.
ತಲೆಯೂ ಹಾಗೇ ಇರಬೇಕು.
ಎಳೆಯದರಲ್ಲಿ ಕುಡಿದದ್ದು ಹೆದರಿಕೆಯಾದರೆ
ಕಾವಲಿ ಕಾವಲಾಗುತ್ತದೆ.

ಈಗ ಹದಿಮೂರು. ದನಿ ಒಡೆಯುತ್ತಿದೆ,
ಕಾವಲಿ ಎರಡನೇ ಸಲ ಕಾಯುತ್ತಿದೆ.
ಅಮ್ಮನಿಗೆ ರಾತ್ರಿ ಪಾಳಿ,
ಇವನಿಗೆ ಎರಡು ಗಂಟೆಯವರೆಗೆ ಮೊಬೈಲು.
ನಿದ್ದೆಗೆಟ್ಟ ತಲೆ ಬೆಳಗಾದರೆ ಸಿಹಿ ಕೇಳುತ್ತದೆ,
ಅಂಗಡಿಯ ಮುಂದೆ ಐದು ರೂಪಾಯಿಯ ಪೊಟ್ಟಣಗಳ ತೋರಣ,
ಗೋಪಿ ಸರ್ಕಲ್ಲಿನವರೆಗೆ ಗೋಬಿಯ ಗಾಡಿಗಳು.
ಡ್ರಿಲ್ಲಿನಲ್ಲಿ ಕೊನೆಯ ಸಾಲು, ಹುಡುಗರ ಕೇಕೆ.
ಕೇಕೆಯೂ ಒಂದು ಎಣ್ಣೆಯೇ. ಅದನ್ನೂ ಕುಡಿಯುತ್ತದೆ.

ನಿನಗೆ ಹೇಗೆ ಗೊತ್ತು ಅಂದರೆ,
ಭದ್ರಾವತಿಯ ಚಿಕ್ಕಮ್ಮನ ಮನೆಯಲ್ಲಿ
ನಾವು ಆರು ಮಕ್ಕಳು, ಒಂದು ಪಾತ್ರೆ.
ಮೊದಲು ಮುಗಿಸಿದವರಿಗೆ ಇನ್ನೊಂದು ಸೌಟು.
ನಾನೇ ಗೆಲ್ಲುತ್ತಿದ್ದೆ.
ಈಗ ಐವತ್ತೆರಡು, ಸಕ್ಕರೆ ಕಾಯಿಲೆ,
ಮನೆಯಲ್ಲಿ ನಾನೊಬ್ಬಳೇ, ಫ್ರಿಜ್ಜಿನಲ್ಲಿ ನಾಳೆಯ ಹುಳಿ.
ಆದರೂ ನಿಂತೇ ಉಣ್ಣುತ್ತೇನೆ, ಗಬಗಬ,
ಯಾರನ್ನೋ ಸೋಲಿಸುವವಳ ಹಾಗೆ.

ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳಲಿಲ್ಲ.
ಸಾರಿಗೆ ಎಣ್ಣೆ ಕಡಿಮೆ ಮಾಡಿ ಅಂದರು,
ಆಯಿತು ಅಂದೆ.
ಅವತ್ತಿನಿಂದ ಹಾಲೇಶ ಬಂದಾಗ
ಪಾತ್ರೆ ಬಾಗಿಸಿ ತೋರಿಸುತ್ತೇನೆ:
ನೋಡು, ಇನ್ನೂ ಇದೆ.
ನಾಳೆಯೂ ಇರುತ್ತೆ. ನಾಳೆ ಮೊಟ್ಟೆ.
ಅವನು ನಂಬುವುದಿಲ್ಲ.
ಅಕ್ಕಿ ಲಾರಿ ತಡವಾದ ವಾರ ನಾನೂ ನಂಬಿರಲಿಲ್ಲ.
ಆದರೂ ದಿನಾ ಹೇಳುತ್ತೇನೆ,
ಹಳೇ ಕಾವಲಿಗೂ ಸವರುತ್ತಾರಲ್ಲ, ಈರುಳ್ಳಿ ಅದ್ದಿ, ಮತ್ತೆ ಮತ್ತೆ.

ಮೊನ್ನೆ ಬುಧವಾರ
ಅವನ ಎಡಗೈ ತಟ್ಟೆ ಬಿಟ್ಟು ಎದ್ದಿತು.
ದೊಡ್ಡದೇನಲ್ಲ, ಸೊಳ್ಳೆ ಕಚ್ಚಿತ್ತು,
ಮೊಣಕಾಲು ಕೆರೆಯಲು ಹೋಗಿತ್ತು.
ಮರಳಿ ಬರಲು ತಡಮಾಡಿತು.
ಸೌಟು ಹಿಡಿದು ನಿಂತಲ್ಲೇ ಎಣಿಸಿದೆ,
ಹನ್ನೊಂದರವರೆಗೆ.