ಗೀಸರ್ ಆರಿಸಿದ ತಿಂಗಳುಗಳು

ಮೇ ತಿಂಗಳ ಮೊದಲ ಶುಕ್ರವಾರ ಜಯಕರ
ಬಚ್ಚಲಿನ ಹೊರಗಿನ ಸ್ವಿಚ್ಚು ಆರಿಸಿ
ಅದರ ಮೇಲೊಂದು ಪ್ಲಾಸ್ಟರ್ ಅಂಟಿಸುತ್ತಾನೆ,
ಮಂಡಿಯ ಗಾಯಕ್ಕೆ ಅಂಟಿಸುವಷ್ಟೇ ಜೋಪಾನದಿಂದ.
ಅಲ್ಲಿಂದ ಮುಂದೆ ರೂವಿಯ ಈ ಮೂರನೇ ಮಹಡಿಯಲ್ಲಿ
ಕೆಂಪು ನಲ್ಲಿಯೆಂದರೆ ತಣ್ಣೀರು,
ನೀಲಿ ನಲ್ಲಿಯೆಂದರೆ ತಾರಸಿಯ ಟ್ಯಾಂಕಿನ ಕುದಿ.
ಅದರಲ್ಲಿ ತೊಳೆದರೆ ಅಕ್ಕಿ ಅರ್ಧ ಬೆಂದಂತೆ
ಎಂದು ನಾನು ಹೇಳುವುದು ಸ್ವಲ್ಪ ಹೆಚ್ಚಾಯಿತು.
ಅವಲಕ್ಕಿಗಾದರೆ ಹೆಚ್ಚಲ್ಲ.

ಆರಿದ ಗೀಸರಿನೊಳಗೆ ನೀರು ನೆರಳಲ್ಲಿ ಕೂತಿರುತ್ತದೆ,
ಮಧ್ಯಾಹ್ನ ಒಂದಕ್ಕೆ ಷಟರ್ ಎಳೆದು
ಒಳಗೇ ಮಲಗಿದ ಅಂಗಡಿಯವನ ಹಾಗೆ.
ಐವತ್ತು ಲೀಟರ್, ನಾಲ್ಕು ಮೈ.
ಮೊದಲು ಹೋದವರಿಗೆ ತಂಪು,
ಕೊನೆಯವರಿಗೆ ಗೊಣಗಾಟ.
‘ಅಮ್ಮಾ, ಅಣ್ಣ ಇಪ್ಪತ್ತು ಲೀಟರ್
ಬರೀ ಹಾಡಿಗೇ ಖರ್ಚು ಮಾಡಿದ!’
ಟವೆಲು ಹೊದ್ದು ಪ್ರಾಪ್ತಿ ಬಾಗಿಲು ಬಡಿಯುತ್ತಾಳೆ.

ಇಂಥದ್ದನ್ನೆಲ್ಲ ನಾನು ದಿನಾ ಹೇಳುವುದು ಮೂವರಿಗೆ:
ಜುಬೈಲಿನ ಫೌಝಿಯಾ, ದೋಹಾದ ಐರಿನ್,
ಸಲಾಲಾದ ಸುಗುಣಕ್ಕ.
ಒಬ್ಬರನ್ನೂ ಎದುರಲ್ಲಿ ಕಂಡವಳಲ್ಲ.
ಫೌಝಿಯಾಳ ಕುಕ್ಕರ್ ಗೊತ್ತು,
ಅದರ ಮೂರನೇ ಸೀಟಿ ಯಾವಾಗಲೂ ಅರ್ಧಕ್ಕೆ ನಿಲ್ಲುತ್ತದೆ.
ಐರಿನ್ ಮಾತಾಡುವಾಗ ಹಿಂದೆ ಗಂಡ ಕೆಮ್ಮುವುದು ಗೊತ್ತು,
ಬೆಲೆಯ ವಿಷಯ ಬಂದಾಗ ಕೆಮ್ಮು ಜೋರು.

ನಮ್ಮ ದೊಡ್ಡ ಜಗಳ ಇಡ್ಲಿ ಹಿಟ್ಟಿನದು.
ಬಾಲ್ಕನಿಯಲ್ಲಿ ಎರಡು ತಾಸು ಸಾಕು ಎಂಬುದು ನನ್ನ ಪಕ್ಷ.
ಎರಡು ತಾಸಿಗೆ ಅದು ಹುಳಿಯಲ್ಲ, ಹೆಂಡ ಎನ್ನುತ್ತಾಳೆ ಐರಿನ್.
ಫೌಝಿಯಾ ಇಡ್ಲಿಯನ್ನೇ ಒಪ್ಪುವುದಿಲ್ಲ, ಅವಳದು ಒತ್ತು ಶ್ಯಾವಿಗೆ.
ಸುಗುಣಕ್ಕ ಜುಲೈಯಲ್ಲಿ ಬರೆದಳು:
‘ಇಲ್ಲಿ ಮಂಜು, ಜಿಟಿಜಿಟಿ.
ಹಿಟ್ಟು ಉಬ್ಬುವುದೇ ಇಲ್ಲ ಮಾರಾಯ್ತಿ.’
ಜೊತೆಗೊಂದು ಚಿತ್ರ: ಹಸಿರು ಗುಡ್ಡ, ನೆನೆದ ಒಂಟೆ.
ನಾವು ಮೂವರೂ ಸಂಜೆಯವರೆಗೆ ಉತ್ತರಿಸಲಿಲ್ಲ.
ಹೊಟ್ಟೆಕಿಚ್ಚು ಎಂದುಕೊಳ್ಳಬೇಡಿ.
ಹೊಟ್ಟೆಕಿಚ್ಚೇ.

ಕರಕ್ ಚಹಾವನ್ನು ಕಾರಲ್ಲೇ ಕೂತು ಕುಡಿಯಬೇಕು,
ಇದು ನನ್ನ ಇನ್ನೊಂದು ಸಿದ್ಧಾಂತ.
ಅದೇ ಪುಡಿ, ಅದೇ ಏಲಕ್ಕಿ, ಅದೇ ಡಬ್ಬಿ ಹಾಲು
ಮನೆಯಲ್ಲಿ ಕುದಿಸಿದರೆ ಬರೀ ಚಹಾ.
ಆದರೆ ಒಂದು ಸಂಜೆ, ನಲವತ್ತಾರು ಡಿಗ್ರಿಯಲ್ಲಿ,
ಹಾರ್ನಿಗೆ ಓಡಿಬಂದ ಹುಡುಗನ ಕತ್ತು ನೋಡಿ ನಾಚಿಕೆಯಾಯಿತು.
ಮರುವಾರ ನಾವೇ ಇಳಿದು ಹೋದೆವು,
ಪುಣ್ಯ ಕಟ್ಟಿಕೊಂಡವರ ಹಾಗೆ.
ಹುಡುಗ ಗ್ಲಾಸು ಒರೆಸುತ್ತ ಮೆಲ್ಲಗೆ ಹೇಳಿದ:
‘ಗಾಡಿಯಲ್ಲೇ ಕೂರಿ ಮೇಡಂ,
ಇಳಿದು ಬರುವವರು ಚಿಲ್ಲರೆ ಬಿಟ್ಟುಹೋಗುವುದಿಲ್ಲ.’
ಇದನ್ನು ಮೂವರಿಗೂ ಹೇಳಿದೆ.
ಮೂವರೂ ಮೂರು ತೀರ್ಪು ಕೊಟ್ಟರು.
ನಾನೀಗ ಕಾರಲ್ಲೇ ಕೂರುತ್ತೇನೆ,
ಹಾರ್ನ್ ಹಾಕುವುದಿಲ್ಲ, ಅವನು ನೋಡುವವರೆಗೆ ಕಾಯುತ್ತೇನೆ,
ನೂರು ಬೈಸ ಮುಷ್ಟಿಯಲ್ಲಿ ಬೆಚ್ಚಗಾಗುತ್ತದೆ.

ರಜೆಗೆ ಕಾರ್ಕಳದ ಅತ್ತಿಗೆಯ ಮನೆಗೆ ಹೋದಾಗ
ಪ್ರಾಪ್ತಿ ಅಭ್ಯಾಸಬಲದಿಂದ ಕೆಂಪು ನಲ್ಲಿ ತಿರುಗಿಸಿ
ಬೆರಳು ಸುಟ್ಟುಕೊಂಡಳು.
‘ಇಲ್ಲಿಯ ನಲ್ಲಿ ಸುಳ್ಳು ಹೇಳುತ್ತದೆ’ ಎಂದು ಅತ್ತಳು.
ಅತ್ತಿಗೆ ಜೇನು ಹಚ್ಚಿ, ನನ್ನ ಮುಖ ನೋಡಿದಳು.
ಯಾವ ಊರಿನ ಪರ ವಹಿಸಲಿ?
ಬೆರಳಿಗೆ ಊದಿದೆ.

ನವೆಂಬರಿನ ಒಂದು ಬೆಳಗ್ಗೆ
ನೀಲಿ ನಲ್ಲಿಯಡಿ ಕೈ ಒಡ್ಡಿದರೆ ಮೈ ಜುಮ್ಮೆನ್ನುತ್ತದೆ.
ಜಯಕರ ಪ್ಲಾಸ್ಟರ್ ಕೀಳುತ್ತಾನೆ, ಅಂಟು ಉಳಿಯುತ್ತದೆ.
ಸಣ್ಣ ಕೆಂಪು ದೀಪ ಹೊತ್ತಿಕೊಂಡಾಗ
ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಯಾಕೆಂದು ನಾನು ಕೇಳುವುದಿಲ್ಲ,
ನಾನೂ ತಟ್ಟಿರುತ್ತೇನೆ.
‘ನಾವು ಹಾಕಿದೆವು’ ಎಂದಷ್ಟೇ ಬರೆಯುತ್ತೇನೆ.
‘ನಾವಿನ್ನೂ ಇಲ್ಲ’ ಐರಿನ್.
‘ನಮ್ಮದು ಕೆಟ್ಟಿದೆ, ರಿಪೇರಿಯವನು ಮೂರು ದಿನದಿಂದ
ಐದು ನಿಮಿಷದಲ್ಲಿ ಬರುತ್ತಿದ್ದಾನೆ’ ಫೌಝಿಯಾ.
ಸುಗುಣಕ್ಕ ಬೇರೆಯೇ ಕೇಳುತ್ತಾಳೆ:
‘ಅಂತೂ ಈಗ ಹಿಟ್ಟಿಗೆ ಎಷ್ಟು ತಾಸು?’